ಎಳೆಗೆ ನೋವಾಗುವುದಿಲ್ಲ

ನಮ್ಮ ಕಡೆ ಯಾರಾದರೂ ಕಾಯಿಲೆ ಬಿದ್ದರೆ ಚರ್ಚಿನ ಸಭೆಯವರು ಸುಮ್ಮನಿರುವುದಿಲ್ಲ. ಸಂಜೆ ಹೊತ್ತಿಗೆ ನಾಲ್ಕೈದು ಮಂದಿ ಕೂಡಿಕೊಂಡು ಮನೆಗೆ ಬರುತ್ತಾರೆ. ಕೈಯಲ್ಲಿ ಬಿಸ್ಕೀಟು, ಬಾಳೆಹಣ್ಣು, ಎಳನೀರು. ಒಂದು ಹಾಡು, ಒಂದು ವಾಕ್ಯ, ಒಂದು ಪ್ರಾರ್ಥನೆ. ಚಹಾ ಕುಡಿದು ಎದ್ದು ಹೋಗುತ್ತಾರೆ. ಈ ರೂಢಿ ನನಗೆ ಬಹಳ ಇಷ್ಟ. ಆಸ್ಪತ್ರೆಯಿಂದ ಬಂದು ಗೋಡೆ ನೋಡುತ್ತ ಮಲಗುವ ಸಂಜೆಗಳು ಎಷ್ಟು ಉದ್ದ ಅಂತ ಮಲಗಿದವರಿಗೇ ಗೊತ್ತು. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದು ಕೇಳಿದರೆ ಅವರ ಮುಖ ಅರಳುವುದನ್ನು ನಾನು ನೋಡಿದ್ದೇನೆ. ಆದರೆ ಪ್ರಾರ್ಥನೆ ಮುಗಿದು ಚಹಾ ಇನ್ನೂ ಬಾರದ ಒಂದು ಖಾಲಿ ಹೊತ್ತು ಇರುತ್ತದಲ್ಲ, ಆಗ ಯಾರಾದರೂ ಒಬ್ಬರು ಒಂದು ಮಾತು ಹೇಳಿಯೇ ಹೇಳುತ್ತಾರೆ. "ದೇವರು ಪ್ರೀತಿ ಮಾಡೋರನ್ನ ಪರೀಕ್ಷೆ ಮಾಡ್ತಾನ್ರಿ." "ಇದರಾಗೂ ಏನೋ ಒಳ್ಳೇದು ಇಟ್ಟಾನ." "ಹೊರಲಾರದ ಭಾರ ಕೊಡೂದಿಲ್ಲ ಬಿಡ್ರಿ." ಮಲಗಿದವರು ತಲೆಯಾಡಿಸುತ್ತಾರೆ. ಅವರಾದರೂ ಬೇರೆ ಏನು ಮಾಡಬೇಕು?

ಈ ಮಾತುಗಳು ನನ್ನನ್ನು ಬಹಳ ವರ್ಷಗಳಿಂದ ಕಾಡುತ್ತಿವೆ. ನಾನು ನಂಬುವವನು. ಗುಳೇದಗುಡ್ಡದ ನೇಕಾರ ಮನೆತನ ನಮ್ಮದು. ಬಾಸೆಲ್ ಮಿಶನ್ನಿನವರು ಅಲ್ಲಿ ಕೆಲಸ ಶುರು ಮಾಡಿದ್ದು 1851ರಲ್ಲಿ. ನಮ್ಮ ಮನೆಯಲ್ಲಿ ಮಗ್ಗದ ಸದ್ದು ಮತ್ತು ಕೀರ್ತನೆ ಎರಡೂ ಒಟ್ಟಿಗೇ ಬೆಳೆದವು. ದೇವರು ಒಳ್ಳೆಯವನು ಅಂತ ನನಗೆ ಯಾರೂ ವಾದ ಮಾಡಿ ಒಪ್ಪಿಸಬೇಕಿಲ್ಲ. ಆ ನಂಬಿಕೆ ಇರುವುದರಿಂದಲೇ ಈ ಮಾತುಗಳು ಚುಚ್ಚುತ್ತವೆ. ಇನ್ನೊಬ್ಬರ ನೋವಿಗೆ ಕಾರಣ ಹೇಳುವಾಗ ನಾವು ದೇವರ ಪರವಾಗಿ ಮಾತಾಡುತ್ತಿದ್ದೇವೆ ಅಂದುಕೊಳ್ಳುತ್ತೇವೆ. ಆ ಅಧಿಕಾರ ನಮಗೆ ಯಾರು ಕೊಟ್ಟರು? ದೀನತೆ ಅಂತ ನಾವು ಇಷ್ಟೆಲ್ಲ ಬೋಧನೆ ಕೇಳುತ್ತೇವೆ. ಆ ದೀನತೆ ಮೊದಲು ಬೇಕಾಗಿರುವುದು ಮಲಗಿದವರಿಗಲ್ಲ, ಅವರನ್ನು ನೋಡಲು ಹೋದವರಿಗೆ ಅಂತ ನನಗೆ ಅನ್ನಿಸುತ್ತದೆ. ಹಾಗೆ ಯಾಕೆ ಅನ್ನಿಸುತ್ತದೆ ಅಂತ ಹೇಳಬೇಕೆಂದರೆ ನಮ್ಮ ದೊಡ್ಡವ್ವನ ಬಗ್ಗೆ ಹೇಳಬೇಕು.

ದೊಡ್ಡವ್ವ

ದೊಡ್ಡವ್ವ ನಮ್ಮ ಅವ್ವನ ಅಕ್ಕ. ಜೀವನವೆಲ್ಲ ಖಣ ನೇಯ್ದವಳು. ಚಿಕ್ಕವಳಿದ್ದಾಗ ಕಂಡಿಕೆ ಸುತ್ತುತ್ತಿದ್ದಳು, ಮದುವೆಯಾದ ಮೇಲೆ ಮಗ್ಗಕ್ಕೆ ಕುಳಿತಳು, ಮೊಣಕಾಲು ಕೈಕೊಡುವ ತನಕ ಏಳಲಿಲ್ಲ. ಇಳಕಲ್ ಸೀರೆಯ ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟವರನ್ನು ಕಂಡರೆ ಹತ್ತಿರ ಹೋಗಿ ಬಟ್ಟೆ ಮುಟ್ಟಿ ನೋಡುವಳು. ಕೈಮಗ್ಗದ್ದೋ ಪವರ್‌ಲೂಮಿನದ್ದೋ ಅಂತ ಬೆರಳಿಗೇ ಗೊತ್ತಾಗುತ್ತಿತ್ತು. ಗಂಡ ಬೇಗ ಹೋದರು. ಮಕ್ಕಳಿಲ್ಲ. ಆಮೇಲೆ ಸಕ್ಕರೆ ಕಾಯಿಲೆ, ಅದರ ಬೆನ್ನಿಗೆ ಕಿಡ್ನಿ. ಡಯಾಲಿಸಿಸ್ ಶುರುವಾದ ಮೇಲೆ ಬಾಗಲಕೋಟೆಗೆ ಕರೆದುಕೊಂಡು ಬಂದೆವು. ನವನಗರದ ನಮ್ಮ ಮನೆಯಲ್ಲೇ ಇದ್ದಳು. ವಾರಕ್ಕೆ ಮೂರು ಸಲ, ಪ್ರತಿ ಸಲ ನಾಲ್ಕು ತಾಸು. ಮೆಷಿನ್ನಿನಿಂದ ಎದ್ದ ದಿನ ಅವಳು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ. ಮರುದಿನ ಸ್ವಲ್ಪ ಚೇತರಿಸಿಕೊಂಡು ನಗುವಳು. ಅದರ ಮರುದಿನ ಮತ್ತೆ ಹೋಗಬೇಕು.

ಆ ದಿನಗಳಲ್ಲಿ ಒಬ್ಬ ಬೋಧಕರು ನಮ್ಮ ಮನೆಗೆ ಬಂದರು. ನಮ್ಮ ಸಭೆಯವರಲ್ಲ. ಹೊರಗಿನಿಂದ ಸ್ವಸ್ಥತಾ ಕೂಟ, ಅಂದರೆ ರೋಗ ಗುಣವಾಗಲಿ ಅಂತ ಪ್ರಾರ್ಥಿಸುವ ಕೂಟ, ನಡೆಸಲು ಬಂದವರು. ಯಾರೋ ಪ್ರೀತಿಯಿಂದಲೇ ಕರೆದುಕೊಂಡು ಬಂದಿದ್ದರು. ಅವರು ದೊಡ್ಡವ್ವನ ತಲೆಯ ಮೇಲೆ ಕೈ ಇಟ್ಟು ಬಹಳ ಹೊತ್ತು ಗಟ್ಟಿಯಾಗಿ ಪ್ರಾರ್ಥಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕುಳಿತು, ನೇಕಾರರ ಮನೆ ಅಂತ ತಿಳಿದೋ ಏನೋ, ಒಂದು ಹೋಲಿಕೆ ಹೇಳಿದರು. ದೇವರು ನೇಯುವ ಬಟ್ಟೆಯ ಹಿಂಬದಿ ಮಾತ್ರ ನಮಗೆ ಕಾಣುತ್ತದೆ. ಅಲ್ಲಿ ಬರೀ ಗಂಟು, ಜೋತುಬಿದ್ದ ಎಳೆ. ಮುಂಬದಿ ನೋಡುವವನು ಅವನೊಬ್ಬನೇ. ಅಲ್ಲಿ ಚಂದದ ಚಿತ್ತಾರ ಇದೆ. ನಮ್ಮ ಕಷ್ಟವೆಲ್ಲ ಆ ಚಿತ್ತಾರಕ್ಕೆ ಬೇಕಾದ ಬಣ್ಣ.

ಈ ಹೋಲಿಕೆ ನೀವೂ ಕೇಳಿರುತ್ತೀರಿ. ಚರ್ಚುಗಳಲ್ಲಿ ತುಂಬ ಓಡಾಡುವ ಹೋಲಿಕೆ ಇದು. ಆದರೆ ಅದನ್ನು ನೇಯುವವರ ಮುಂದೆ ಹೇಳುವುದು ಕಡಿಮೆ. ದೊಡ್ಡವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಮೆಲ್ಲಗೆ ಅಂದಳು: "ಖಣ ನೇದಾಕಿ ನಾನು, ಅಯ್ಯನೋರ. ಹಿಂದಿನ ಬಾಜೂನೂ ನೋಡೇನಿ, ಮುಂದಿನ ಬಾಜೂನೂ ನೋಡೇನಿ. ಆದ್ರ ಎಳಿಗೆ ನೋವಾಗೂದಿಲ್ರಿ. ನನಗ ಆಗ್ತೈತಿ."

ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವಳು ಬೋಧಕರನ್ನು ಸೋಲಿಸಲು ಹೊರಟವಳೂ ಅಲ್ಲ. ತನಗೆ ಗೊತ್ತಿದ್ದ ಒಂದು ನಿಜ ಹೇಳಿದಳು, ಅಷ್ಟೇ. ಎಳೆಯನ್ನು ಎಳೆಯಬಹುದು, ಕತ್ತರಿಸಬಹುದು, ಗಂಟು ಹಾಕಬಹುದು. ನೇಕಾರಳಿಗೆ ಅದರ ಅನುಮತಿ ಬೇಡ. ಮನುಷ್ಯರು ಎಳೆಗಳಲ್ಲ. ಇಡೀ ಸತ್ಯವೇದದಲ್ಲಿ, ಅಂದರೆ ನಮ್ಮ ಬೈಬಲಿನಲ್ಲಿ, ದೇವರು ಮನುಷ್ಯರನ್ನು ಹೆಸರು ಹಿಡಿದು ಕರೆಯುತ್ತಾನೆ, ಅವರ ಕೂಗು ಕೇಳುತ್ತಾನೆ. ಚಿತ್ತಾರ ಚಂದವಾಗಲಿ ಅಂತ ಒಬ್ಬ ಮುದುಕಿಯ ಕಿಡ್ನಿ ಕೆಡಿಸುವ ದೇವರು ನನಗೆ ಅಲ್ಲಿ ಎಲ್ಲೂ ಸಿಕ್ಕಿಲ್ಲ.

ಬೋಧಕರು ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಹೊರಡುವ ಮುಂಚೆ ಇನ್ನೊಂದು ಮಾತು ಸೇರಿಸಿದರು. ಅರಿಕೆ ಮಾಡದ ಪಾಪ ಏನಾದರೂ ಒಳಗೆ ಉಳಿದಿದ್ದರೆ ಗುಣವಾಗುವುದಕ್ಕೆ ಅಡ್ಡಿಯಾಗುತ್ತದೆ, ಒಮ್ಮೆ ಹುಡುಕಿ ನೋಡಿರಿ ಅಂದರು. ಅವರು ಹೋದರು. ದೊಡ್ಡವ್ವ ಹುಡುಕಲು ಶುರು ಮಾಡಿದಳು. ಆ ರಾತ್ರಿ ನೀರು ಕೊಡಲು ಹೋದಾಗ ಎದ್ದು ಕುಳಿತಿದ್ದಳು. "ತಮ್ಮಾ, ಯಾವ್ದಿರಬಹುದೋ? ನಾದಿನಿ ಜೋಡಿ ಒಮ್ಮೆ ಜಗಳ ಆಗಿತ್ತು. ಅದನ್ನ ಆವಾಗ್ಲೇ ಬಿಟ್ಟೇನಿ. ಮತ್ತೊಂದ್ ಯಾವ್ದೂ ನೆನಪಿಗೆ ಬರವಲ್ದು." ಅರವತ್ತು ದಾಟಿದ ಹೆಂಗಸು, ಮೈಯಲ್ಲಿ ಶಕ್ತಿಯಿಲ್ಲ, ಕೈಯಲ್ಲಿ ಸೂಜಿ ಚುಚ್ಚಿ ಚುಚ್ಚಿ ಉಬ್ಬಿದ ನರ. ಅವಳು ಕತ್ತಲಲ್ಲಿ ಕುಳಿತು ತನ್ನ ನೋವಿಗೆ ತಕ್ಕಷ್ಟು ದೊಡ್ಡ ಪಾಪವೊಂದನ್ನು ಹುಡುಕುತ್ತಿದ್ದಳು. ನನಗೆ ಇವತ್ತಿಗೂ ಅದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಓದು ಅಂದಳು. ನಾನು 88ನೇ ಕೀರ್ತನೆ ತೆಗೆದೆ. ಸಾಮಾನ್ಯವಾಗಿ ರೋಗಿಗಳ ಮುಂದೆ ಅದನ್ನು ಯಾರೂ ಓದುವುದಿಲ್ಲ. ದುಃಖದ ಕೀರ್ತನೆಗಳು ಇನ್ನೂ ಎಷ್ಟೋ ಇವೆ. ಅವುಗಳಲ್ಲಿ ಬಹುತೇಕ ಎಲ್ಲವೂ ಕೊನೆಗೆ ಸ್ತುತಿಗೆ ತಿರುಗುತ್ತವೆ. ಇದು ತಿರುಗುವುದಿಲ್ಲ. ಹಗಲೂ ರಾತ್ರಿ ಕೂಗುತ್ತೇನೆ ಅಂತ ಶುರುವಾಗುತ್ತದೆ. ಯಾಕೆ ಮುಖ ಮರೆಮಾಡಿದ್ದೀ ಅಂತ ಕೇಳುತ್ತದೆ. ಗೆಳೆಯರನ್ನೆಲ್ಲ ದೂರ ಮಾಡಿದ್ದೀ ಅಂತ ದೂರುತ್ತದೆ. ಕತ್ತಲೆಯಲ್ಲೇ ಮುಗಿಯುತ್ತದೆ. ಓದಿ ಮುಗಿಸಿದಾಗ ದೊಡ್ಡವ್ವ ಕೇಳಿದಳು, "ಇದೂ ಸತ್ಯವೇದದಾಗ ಐತೇನು?" ಐತಿ ಅಂದೆ. "ಹಂಗಾದ್ರ ಇವನೂ ನನ್ನಂಗ ಅಂತಾನಲ್ಲ. ಇವನ್ನ ಯಾರೂ ತಗದ್ ಹಾಕಿಲ್ಲಲ್ಲ." ಆಮೇಲೆ ಮಲಗಿದಳು. ಅದಾದ ಮೇಲೆ ಅವಳೇ ಎಷ್ಟೋ ಸಲ ಅದನ್ನು ಕೇಳಿ ಓದಿಸಿಕೊಂಡಳು. ಆ ಕೀರ್ತನೆಯನ್ನು ಪುಸ್ತಕದಲ್ಲಿ ಉಳಿಸಿಕೊಂಡ ಆ ಹಳೆಯ ಕಾಲದ ಯೆಹೂದ್ಯರಿಗೆ ನಾನು ಮನಸ್ಸಿನಲ್ಲೇ ಕೈಮುಗಿದಿದ್ದೇನೆ. ಕತ್ತಲೆ ಕತ್ತಲೆ ಅಂತ ಗೋಳಿಡುವವನು ಕೂಡ ಆ ಗೋಳನ್ನು ದೇವರಿಗೇ ಹೇಳುತ್ತಿದ್ದಾನೆ. ನಿರೀಕ್ಷೆ ಅಂದರೆ ಅಷ್ಟಾದರೂ ಸಾಕು ಕೆಲವು ರಾತ್ರಿಗಳಿಗೆ.

ಗೆಳೆಯರು ಬಾಯಿ ತೆರೆದಾಗ

ಸತ್ಯವೇದದ ಯೋಬನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು, ತಪ್ಪಿಲ್ಲದೆಯೂ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡವನು. ಆದರೆ ನಾವು ಅದನ್ನು ಅರ್ಧಕ್ಕೇ ನಿಲ್ಲಿಸುತ್ತೇವೆ ಅನ್ನಿಸುತ್ತದೆ. ಯೋಬನ ತಾಳ್ಮೆ ಅನ್ನುತ್ತೇವೆ. ತಾಳ್ಮೆ ಇರುವುದು ಮೊದಲ ಎರಡು ಅಧ್ಯಾಯಗಳಲ್ಲಿ. ಮೂರನೆಯ ಅಧ್ಯಾಯದಲ್ಲಿ ಅವನು ತಾನು ಹುಟ್ಟಿದ ದಿನಕ್ಕೇ ಶಾಪ ಹಾಕುತ್ತಾನೆ. ಅಲ್ಲಿಂದ ಮುಂದೆ ಬೂದಿಯಲ್ಲಿ ಕುಳಿತುಕೊಂಡೇ ದೇವರ ಜೊತೆ ನ್ಯಾಯಕ್ಕೆ ಇಳಿಯುತ್ತಾನೆ. ಅವನ ಮೂವರು ಗೆಳೆಯರು ದೂರದಿಂದ ಬಂದರಲ್ಲ, ಅವರು ಕೆಟ್ಟವರೇನಲ್ಲ. ಅವನನ್ನು ನೋಡಿ ಅತ್ತರು, ಬಟ್ಟೆ ಹರಿದುಕೊಂಡರು, ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಕುಳಿತರು. ಯಾರೂ ಒಂದು ಮಾತಾಡಲಿಲ್ಲ. ಇಡೀ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಎಂಟನೆಯ ದಿನ ಊರಿಗೆ ಹೋಗಿದ್ದರೆ ಅವರ ಹೆಸರು ಚಂದವಾಗಿ ಉಳಿಯುತ್ತಿತ್ತು. ಆದರೆ ಯೋಬ ಬಾಯಿ ಬಿಟ್ಟು ಗೋಳಾಡಿದ ಕೂಡಲೇ ಅವರಿಗೆ ದೇವರನ್ನು ಕಾಪಾಡಬೇಕು ಅನ್ನಿಸಿತು. ಕಾರಣ ಹೇಳಲು ಶುರು ಮಾಡಿದರು. ನೀನು ಏನೋ ಮಾಡಿರಬೇಕು, ದೇವರು ಸುಮ್ಮಸುಮ್ಮನೆ ಹೊಡೆಯುವುದಿಲ್ಲ. ನಮ್ಮ ಮನೆಗೆ ಬಂದ ಬೋಧಕರು ಹೇಳಿದ್ದೂ ಇದನ್ನೇ.

ಕೊನೆಗೆ ದೇವರು ಬಿರುಗಾಳಿಯೊಳಗಿಂದ ಮಾತಾಡಿದಾಗ ಯೋಬನಿಗೆ 'ಯಾಕೆ' ಅನ್ನುವುದಕ್ಕೆ ಉತ್ತರ ಕೊಡುವುದಿಲ್ಲ. ಸಮುದ್ರ, ನಕ್ಷತ್ರ, ಕಾಡುಕತ್ತೆ, ಉಷ್ಟ್ರಪಕ್ಷಿ ಅಂತ ಜಗತ್ತೆಲ್ಲ ತೋರಿಸುತ್ತಾನೆ. ಆದರೆ ಗೆಳೆಯರ ವಿಷಯದಲ್ಲಿ ತೀರ್ಪು ಸ್ಪಷ್ಟ. ನನ್ನ ವಿಷಯವಾಗಿ ನೀವು ಸರಿಯಾಗಿ ಮಾತಾಡಲಿಲ್ಲ, ನನ್ನ ಸೇವಕನಾದ ಯೋಬ ಸರಿಯಾಗಿ ಮಾತಾಡಿದ ಅನ್ನುತ್ತಾನೆ. ಎಷ್ಟು ದೊಡ್ಡ ಮಾತು ನೋಡಿ. ದೇವರ ಮೇಲೆ ದೂರು ಹೇಳಿದವನು ಸರಿ, ದೇವರ ಪರವಾಗಿ ವಕಾಲತ್ತು ಮಾಡಿದವರು ತಪ್ಪು. ಆ ಮೂವರೂ ತಮ್ಮ ಯಜ್ಞಕ್ಕಾಗಿ ಯೋಬನ ಹತ್ತಿರವೇ ಹೋಗಬೇಕಾಯಿತು. ಅವನೇ ಅವರಿಗಾಗಿ ಪ್ರಾರ್ಥಿಸಬೇಕಾಯಿತು.

ಯೇಸುವಿನ ಮುಂದೆಯೂ ಇದೇ ಪ್ರಶ್ನೆ ಬಂತು. ಹುಟ್ಟುಕುರುಡನನ್ನು ನೋಡಿ ಶಿಷ್ಯರು ಕೇಳಿದರು, ಯಾರು ಮಾಡಿದ ಪಾಪ, ಇವನದೋ, ತಂದೆತಾಯಿಯದೋ? ಇಬ್ಬರದೂ ಅಲ್ಲ ಅಂದ. ಸಿಲೊವಾಮಿನ ಗೋಪುರ ಬಿದ್ದು ಸತ್ತ 18 ಮಂದಿಯ ಮಾತು ಎತ್ತಿದಾಗಲೂ ಅವರು ಉಳಿದವರಿಗಿಂತ ಹೆಚ್ಚಿನ ಪಾಪಿಗಳೇನಲ್ಲ ಅಂದ. ಸತ್ತ ಗೆಳೆಯ ಲಾಜರನ ಸಮಾಧಿಗೆ ಹೋಗುವಾಗ, ಇನ್ನು ಸ್ವಲ್ಪ ಹೊತ್ತಿಗೆ ಅವನನ್ನು ಎಬ್ಬಿಸುತ್ತೇನೆ ಅಂತ ಗೊತ್ತಿದ್ದವನೂ ಮೊದಲು ಅತ್ತ. ಅಳಬೇಡಿರಿ, ಇದಕ್ಕೊಂದು ಉದ್ದೇಶ ಇದೆ ಅಂತ ಲಾಜರನ ಸಹೋದರಿ ಮರಿಯಳಿಗೆ ಹೇಳಬಹುದಿತ್ತು. ಹೇಳಲಿಲ್ಲ. ಎಲ್ಲ ಗೊತ್ತಿದ್ದವನೇ ಆ ಹೊತ್ತಿನಲ್ಲಿ ಕಾರಣ ಹೇಳದೆ ಅತ್ತಿರುವಾಗ, ಏನೂ ಗೊತ್ತಿಲ್ಲದ ನಮಗೆ ಅಷ್ಟು ಅವಸರ ಯಾಕೆ?

ನೀರಡಿಕೆ

ಡಯಾಲಿಸಿಸ್ ಮಾಡಿಸಿಕೊಳ್ಳುವವರು ಮನೆಯಲ್ಲಿದ್ದರೆ ನಿಮಗೆ ಗೊತ್ತಿರುತ್ತದೆ. ಸೂಜಿಗಿಂತ, ಸುಸ್ತಿಗಿಂತ ಕಷ್ಟ ಕೊಡುವುದು ನೀರು. ಕಿಡ್ನಿ ನೀರನ್ನು ಹೊರಗೆ ಹಾಕುವುದಿಲ್ಲ. ಕುಡಿದದ್ದೆಲ್ಲ ಮೈಯಲ್ಲೇ ನಿಲ್ಲುತ್ತದೆ, ಕಾಲು ಬಾಯುತ್ತದೆ, ಉಸಿರು ಕಟ್ಟುತ್ತದೆ. ಹಾಗಾಗಿ ಅಳತೆ. ದೊಡ್ಡವ್ವನ ಬಾಟಲಿಗೆ ಪೆನ್ನಿನಿಂದ ಗೆರೆ ಎಳೆದಿದ್ದೆವು. ಚಹಾ, ಮಜ್ಜಿಗೆ, ಗುಳಿಗೆ ನುಂಗುವ ನೀರು ಎಲ್ಲ ಅದರಲ್ಲೇ. ಬಾಗಲಕೋಟೆಯ ಬೇಸಿಗೆ ನೀವೂ ಕಂಡಿದ್ದೀರಿ. ಏಪ್ರಿಲ್‌ನಲ್ಲಿ 40 ಡಿಗ್ರಿ ಅಂದರೆ ಸುದ್ದಿಯೇ ಅಲ್ಲ. ಇಡೀ ಹಳೇ ಬಾಗಲಕೋಟೆಯ ಕೆಳಭಾಗವನ್ನು ನುಂಗಿದ ಆಲಮಟ್ಟಿಯ ಹಿನ್ನೀರು ಅಲ್ಲೇ ಹೊಳೆಯುತ್ತಿರುತ್ತದೆ. ಇಲ್ಲಿ ಒಬ್ಬ ಮುದುಕಿ ಐಸಿನ ಚೂರೊಂದನ್ನು ಬಾಯಲ್ಲಿಟ್ಟುಕೊಂಡು ಅದು ಕರಗದಿರಲಿ ಅಂತ ಕಾಯುತ್ತಿದ್ದಳು.

ಆ ವರ್ಷದ ಶುಭಶುಕ್ರವಾರ ಅವಳು ಹಟ ಮಾಡಿ ಚರ್ಚಿಗೆ ಬಂದಳು. ಹನ್ನೆರಡರಿಂದ ಮೂರರ ತನಕ ಆರಾಧನೆ, ಶಿಲುಬೆಯ ಮೇಲಿನ ಏಳು ಮಾತುಗಳ ಮೇಲೆ ಏಳು ಮಂದಿ ಮಾತಾಡುತ್ತಾರೆ. ಫ್ಯಾನು ತಿರುಗಿದರೂ ಬಿಸಿ ಗಾಳಿಯೇ. ಐದನೆಯ ಮಾತು 'ನನಗೆ ನೀರಡಿಕೆಯಾಗಿದೆ'. ಅದರ ಮೇಲೆ ಮಾತಾಡಿದವರು ಒಳ್ಳೆಯ ತಯಾರಿ ಮಾಡಿಕೊಂಡು ಬಂದಿದ್ದರು. ಅದು ಆತ್ಮಗಳ ರಕ್ಷಣೆಗಾಗಿ ಆದ ದಾಹ, ತಂದೆಯ ಚಿತ್ತ ನೆರವೇರಿಸುವ ದಾಹ ಅಂತ ಬಿಡಿಸಿ ಹೇಳಿದರು. ದೊಡ್ಡವ್ವ ನನ್ನ ಪಕ್ಕದಲ್ಲಿದ್ದಳು. ತೋಳು ಹಿಡಿದು ಎಳೆದು ಕಿವಿಯಲ್ಲಿ ಅಂದಳು: "ಅಲ್ಲೋ ತಮ್ಮಾ, ಅಂವಗ ನೀರ ಬೇಕಾಗಿತ್ತು. ನಾಲಿಗಿ ಅಂಗಳಕ್ಕ ಹತ್ತಿತ್ತು. ನನಗ ಗೊತ್ತಾಗ್ತೈತಿ."

ನಾನು ಬಹಳ ಬೋಧನೆ ಕೇಳಿದ್ದೇನೆ. ದೇವರು ಮನುಷ್ಯನಾದ ಅನ್ನುವುದನ್ನು ಇಷ್ಟು ಹತ್ತಿರದಿಂದ ಯಾರೂ ನನಗೆ ಹೇಳಿರಲಿಲ್ಲ. 22ನೇ ಕೀರ್ತನೆಯಲ್ಲೂ ನಾಲಿಗೆ ಅಂಟಿಕೊಂಡ ಮಾತು ಇದೆ. ಅವಳು ಅದನ್ನು ನೆನೆಸಿಕೊಂಡು ಹೇಳಿದಳೋ, ತನ್ನ ಬಾಯಿಂದಲೇ ತಿಳಿದಳೋ ಗೊತ್ತಿಲ್ಲ. ಆವತ್ತು ಅವಳ ಮುಖದಲ್ಲಿ ಒಂದು ಬೆಳಕಿತ್ತು. ನೀರಡಿಕೆ ಹೋಗಿರಲಿಲ್ಲ. ಆದರೆ ನೀರಡಿಕೆಯಲ್ಲಿ ಅವಳು ಒಬ್ಬಳೇ ಇರಲಿಲ್ಲ.

ದೀನತೆಯ ಬಗ್ಗೆ ನನಗೆ ಗೊತ್ತಿರುವುದೆಲ್ಲ ಇಲ್ಲಿಂದ ಶುರುವಾಗುತ್ತದೆ. ದೇವರು ನೀರು ಕೇಳಿದ. ಶಿಲುಬೆಯ ಮೇಲೆ ಕೇಳುವ ಮುಂಚೆ ಇನ್ನೊಮ್ಮೆ ಕೇಳಿದ್ದ, ಸಮಾರ್ಯದ ಬಾವಿಯ ಹತ್ತಿರ. ನಡು ಮಧ್ಯಾಹ್ನ, ನಡೆದು ದಣಿದಿದ್ದ, ಕೊಡ ಇರಲಿಲ್ಲ. ಯೆಹೂದ್ಯರು ಸಮಾರ್ಯದವರ ಜೊತೆ ಬಳಕೆ ಇಟ್ಟುಕೊಳ್ಳುತ್ತಿರಲಿಲ್ಲ. ಅಂಥ ಹೆಂಗಸಿನ ಮುಂದೆ ಕೈಚಾಚಿದ. ಇದರ ಅರ್ಥ ನಮ್ಮ ಭಾಗದವರಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಯಾರ ಬಾವಿ, ಯಾರ ಕೊಡ, ಚಹಾದಂಗಡಿಯಲ್ಲಿ ಯಾರಿಗೆ ಯಾವ ಕಪ್ಪು ಅನ್ನುವುದು ನಮ್ಮ ಹಿರಿಯರಿಗೆ ಮೈಮೇಲಿನ ಗಾಯದ ಹಾಗೆ ಗೊತ್ತಿತ್ತು. ಇಲ್ಲಿನ ಎಷ್ಟೋ ಸಭೆಗಳಲ್ಲಿ ಕುಳಿತಿರುವವರು ಕೆಳಗೆ ಕುಳಿತುಕೊಳ್ಳಿ ಅನ್ನಿಸಿಕೊಂಡವರ ಮಕ್ಕಳು, ಮೊಮ್ಮಕ್ಕಳು. ಅವರ ಮುಂದೆ ಮತ್ತೆ ಮತ್ತೆ 'ತಗ್ಗಿಸಿಕೊಳ್ಳಿರಿ' ಅಂತ ಬೋಧನೆ ಮಾಡುವಾಗ ನಾವು ಎಚ್ಚರದಿಂದಿರಬೇಕು. ಸುವಾರ್ತೆ ಅವರಿಗೆ ಮೊದಲು ತಲುಪಿದ್ದು ತಲೆ ಎತ್ತಿ ನಿಲ್ಲಿರಿ ಅಂತ.

ಊರೂರಿಗೆ ಸುವಾರ್ತೆ ಸಾರಿದ ಪೌಲ ಫಿಲಿಪ್ಪಿ ಊರಿನ ಸಭೆಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯ ಓದಿ ನೋಡಿ. ಫಿಲಿಪ್ಪಿ ರೋಮಿನವರ ವಸಾಹತು, ಪೌರತ್ವದ ಹೆಮ್ಮೆ ಅಲ್ಲಿ ಜಾಸ್ತಿ. ಆ ಊರಿನವರಿಗೆ ಸೆರೆಯಲ್ಲಿ ಕುಳಿತ ಒಬ್ಬ ಬರೆಯುತ್ತಿದ್ದಾನೆ. ಕ್ರಿಸ್ತ ದೇವರ ಸಮಾನನಾಗಿದ್ದ. ಆದರೆ ಅದನ್ನು ಬಿಗಿಯಾಗಿ ಹಿಡಿದುಕೊಳ್ಳಲಿಲ್ಲ, ಬರಿದು ಮಾಡಿಕೊಂಡ, ದಾಸನಾದ, ಶಿಲುಬೆಯ ಮರಣದ ತನಕ ಇಳಿದ. ಶಿಲುಬೆ ರೋಮನ್ನರು ಗುಲಾಮರಿಗೆ, ದಂಗೆಕೋರರಿಗೆ ಇಟ್ಟಿದ್ದ ಶಿಕ್ಷೆ. ಇಲ್ಲಿ ಇಳಿದವನು ಮೇಲಿದ್ದವನು. ಅವನನ್ನು ಯಾರೂ ತಳ್ಳಲಿಲ್ಲ. ಕೆಳಗೆ ಬಿದ್ದವರನ್ನು ಇನ್ನೂ ಒತ್ತಿಹಿಡಿಯುವುದಕ್ಕೆ ಆ ಅಧ್ಯಾಯ ಬಳಸಿದರೆ ಅದು ಮೋಸ. ಕುಡಿದು ಬಂದು ಹೊಡೆಯುವ ಗಂಡನ ಹೆಂಡತಿಗೆ 'ತಗ್ಗಿ ಬಗ್ಗಿ ನಡೀವಾ, ಕರ್ತನೂ ಸಹಿಸಿಕೊಂಡ' ಅಂತ ಹೇಳಿ ವಾಪಸ್ಸು ಕಳಿಸಿದ್ದನ್ನು ನಾನು ಕೇಳಿದ್ದೇನೆ. ಆ ಮಾತು ಹೇಳಬೇಕಾದದ್ದು ಅವಳ ಗಂಡನಿಗೆ. ಆ ಅಧ್ಯಾಯ ಅವನ ಮುಂದೆ ಓದಬೇಕಿತ್ತು.

ದೀನತೆ ಅಂದರೆ ಏನು ಅಂತ ಈ ನೆಲದಲ್ಲಿ ಕ್ರೈಸ್ತರಷ್ಟೇ ಹೇಳಬೇಕಾಗಿಲ್ಲ. ಕೂಡಲಸಂಗಮ ನಮ್ಮ ಜಿಲ್ಲೆಯಲ್ಲೇ ಇದೆ. 'ಎನಗಿಂತ ಕಿರಿಯರಿಲ್ಲ' ಅಂದವರು ಬಿಜ್ಜಳನ ಭಂಡಾರಿ ಬಸವಣ್ಣನವರು, ಮೇಲೆ ಕುಳಿತಿದ್ದವರು. ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ 2018ರಲ್ಲಿ ಪದ್ಮಶ್ರೀ ಬೇಡ ಅಂದರು. ಅವರ ಅಂಗಿಗೆ ಜೇಬು ಇರಲಿಲ್ಲ. 2023ರ ಜನವರಿ 2ರಂದು ತೀರಿಕೊಂಡ ಮೇಲೆ ಅವರು ಮುಂಚೆಯೇ ಬರೆದಿಟ್ಟ ಪತ್ರ ಓದಿದರು. ದೇಹವನ್ನು ಮಣ್ಣು ಮಾಡದೆ ಸುಡಬೇಕು, ಬೂದಿ ನೀರಿಗೆ ಬಿಡಬೇಕು, ಸ್ಮಾರಕ ಕಟ್ಟಬಾರದು. ಆವತ್ತು ವಿಜಯಪುರಕ್ಕೆ ಹರಿದುಹೋದ ಜನಸಾಗರದಲ್ಲಿ ನಮ್ಮ ಸಭೆಯವರೂ ಇದ್ದರು. ದೊಡ್ಡಸ್ತಿಕೆ ಬಿಟ್ಟು ಇಳಿಯುವವರನ್ನು ಕಂಡರೆ ಗುರುತಿಸುವ ಕಣ್ಣು ಈ ಜನಕ್ಕೆ ಇದೆ. ಅದಕ್ಕೆ ನನಗೆ ಸಂತೋಷ.

ಅನಾತೋತಿನ ಹೊಲ

ಕಾರಣ ಹೇಳಬಾರದು, ಸರಿ. ಹಾಗಾದರೆ ನಿರೀಕ್ಷೆ ಅಂತ ಏನು ಹೇಳುವುದು? ಎಲ್ಲ ಸರಿಹೋಗುತ್ತದೆ ಅನ್ನುವುದೇ ನಿರೀಕ್ಷೆಯಾದರೆ ಎಷ್ಟೋ ಮನೆಗಳಲ್ಲಿ ಅದು ಸುಳ್ಳು. ದೊಡ್ಡವ್ವನ ಕಿಡ್ನಿ ಸರಿಹೋಗಲಿಲ್ಲ.

2019ರ ಆಗಸ್ಟ್ ನೆನಪಿದೆಯಲ್ಲ. ಕೃಷ್ಣೆ, ಘಟಪ್ರಭೆ, ಮಲಪ್ರಭೆ ಮೂರೂ ಒಟ್ಟಿಗೆ ಉಕ್ಕಿದವು. ಗೋಕಾಕ, ರಾಮದುರ್ಗ, ಮುಧೋಳ, ಜಮಖಂಡಿ ಅಂತ ಒಂದೊಂದೇ ಊರಿನ ಹೆಸರು ಟೀವಿಯಲ್ಲಿ ಬರುತ್ತಿತ್ತು. ಪಟ್ಟದಕಲ್ಲಿನ ಗುಡಿಗಳ ಸುತ್ತ ನೀರು ನಿಂತಿತ್ತು. ನಮ್ಮ ಸಭೆಯ ಹುಡುಗರು ಮನೆಮನೆಯಿಂದ ಕಟಕ ರೊಟ್ಟಿ, ಶೇಂಗಾ ಚಟ್ನಿ ಕೂಡಿಸಿಕೊಂಡು ಬಾದಾಮಿ ತಾಲೂಕಿನ ಮಲಪ್ರಭೆ ದಂಡೆಯ ಕಡೆ ಹೋದರು. ನಾನೂ ಹೋಗಿದ್ದೆ. ಒಂದು ಶಾಲೆಯಲ್ಲಿ ಜನರನ್ನು ಇಟ್ಟಿದ್ದರು. ಅಂಗಳದಲ್ಲಿ ಬಿಸಿಲು ಬಿದ್ದ ಕಡೆ ಒಬ್ಬ ಅಜ್ಜ ಕಾಗದ ಒಣಹಾಕುತ್ತಿದ್ದರು. ರೇಷನ್ ಕಾರ್ಡು, ಮೊಮ್ಮಗಳ ಮಾರ್ಕ್ಸ್ ಕಾರ್ಡು, ಹೊಲದ ಉತಾರ ಅಂದರೆ ಪಹಣಿ. ಪ್ರತಿ ಹಾಳೆಯ ಮೇಲೂ ಸಣ್ಣ ಕಲ್ಲು. ಹೊಲ ಆಗ ನೀರಿನ ತಳದಲ್ಲಿತ್ತು. ಮನೆಯ ಗೋಡೆ ಕುಸಿದಿತ್ತು. ಅವರು ರೊಟ್ಟಿ ಪಕ್ಕಕ್ಕಿಟ್ಟು ಮೊದಲು ಉತಾರದ ಮಡಿಕೆ ಬಿಡಿಸಿದರು, ಹರಿಯದ ಹಾಗೆ, ಬಹಳ ಜೋಪಾನವಾಗಿ.

ನನಗೆ ಸತ್ಯವೇದದ ಪ್ರವಾದಿ ಯೆರೆಮೀಯ ನೆನಪಾದ. ಅವನ ಪುಸ್ತಕದ 32ನೇ ಅಧ್ಯಾಯದ ಕಥೆ ಹೆಚ್ಚು ಬೋಧನೆಗೆ ಬರುವುದಿಲ್ಲ. ಕ್ರಿಸ್ತಪೂರ್ವ 587ರ ಸುಮಾರಿನ ಮಾತು. ಬಾಬೆಲಿನ ಸೈನ್ಯ ಯೆರೂಸಲೇಮನ್ನು ಮುತ್ತಿದೆ. ಊರು ಬೀಳುತ್ತದೆ ಅಂತ ಹೇಳಿದ್ದಕ್ಕೇ ರಾಜ ಯೆರೆಮೀಯನನ್ನು ಸೆರೆಯಲ್ಲಿಟ್ಟಿದ್ದಾನೆ. ಆಗ ಅವನ ಚಿಕ್ಕಪ್ಪನ ಮಗ ಬಂದು ಅನಾತೋತಿನಲ್ಲಿರುವ ನನ್ನ ಹೊಲ ಕೊಂಡುಕೋ ಅನ್ನುತ್ತಾನೆ. ಶತ್ರುವಿನ ಕೈಸೇರಿದ ಜಾಗದ ಹೊಲ. ಯೆರೆಮೀಯ 17 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ. ಸಾಕ್ಷಿ ಹಾಕಿಸುತ್ತಾನೆ, ಮುದ್ರೆ ಒತ್ತುತ್ತಾನೆ, ಬಹುಕಾಲ ಉಳಿಯಲಿ ಅಂತ ಪತ್ರವನ್ನು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಈ ದೇಶದಲ್ಲಿ ಮತ್ತೆ ಮನೆ, ಹೊಲ, ದ್ರಾಕ್ಷೆತೋಟ ಕೊಳ್ಳುವ ಕಾಲ ಬರುತ್ತದೆ ಅನ್ನುವುದು ದೇವರ ಮಾತು. ನನಗೆ ಇಷ್ಟವಾಗುವುದು ಆಮೇಲಿನ ಭಾಗ. ಎಲ್ಲ ಮುಗಿಸಿದ ಮೇಲೆ ಯೆರೆಮೀಯ ಪ್ರಾರ್ಥನೆಗೆ ಕುಳಿತು ಕೇಳುತ್ತಾನೆ: ದಿಬ್ಬ ಕಟ್ಟಿ ಊರೊಳಗೆ ಬರುತ್ತಿದ್ದಾರೆ, ನೀನು ನೋಡಿದರೆ ಹೊಲ ಕೊಂಡುಕೋ ಅನ್ನುತ್ತೀಯಲ್ಲ! ಅವನಿಗೂ ಅರ್ಥವಾಗಿರಲಿಲ್ಲ. ಆದರೂ ಬೆಳ್ಳಿ ತೂಗಿಯಾಗಿತ್ತು. ಆ ಹೊಲದಲ್ಲಿ ಅವನು ಉಳಲಿಲ್ಲ, ಬಿತ್ತಲಿಲ್ಲ. ಊರು ಬಿದ್ದ ಮೇಲೆ ಅವನನ್ನು ಐಗುಪ್ತಕ್ಕೆ ಕರೆದುಕೊಂಡು ಹೋದರು.

ಬಾಗಲಕೋಟೆಯವರಿಗೆ ಈ ಕಥೆ ಬೇರೆ ಯಾರಿಗಿಂತಲೂ ಚೆನ್ನಾಗಿ ತಿಳಿಯಬೇಕು. ಮುಳುಗಡೆ ನಮ್ಮ ಎರಡನೆಯ ಹೆಸರು. ಆಲಮಟ್ಟಿಯ ನೀರು ಈಗ 519.60 ಮೀಟರಿಗೆ ನಿಲ್ಲುತ್ತದೆ. 524.256ಕ್ಕೆ ಏರಿಸುವ ಮಾತು 2010ರ ಕೃಷ್ಣಾ ನೀರಿನ ನ್ಯಾಯಮಂಡಳಿ ತೀರ್ಪಿನಿಂದ ನಡೆದೇ ಇದೆ. ಏರಿದರೆ ಇನ್ನಷ್ಟು ಹಳ್ಳಿ ಹೋಗುತ್ತವೆ. ಅಂಥ ಊರುಗಳಲ್ಲಿ ಹೇಗೂ ಮುಳುಗುವ ಮನೆಗೆ ಸುಣ್ಣ ಯಾಕೆ ಅಂತ ಗೋಡೆ ಹಾಗೇ ಬಿಟ್ಟವರಿದ್ದಾರೆ. ಅವರನ್ನು ತಪ್ಪು ಅನ್ನುವುದಕ್ಕೆ ನನಗೆ ಬಾಯಿಲ್ಲ. ಪರಿಹಾರಕ್ಕಾಗಿ ವರ್ಷಗಟ್ಟಲೆ ಕಚೇರಿ ಅಲೆದು ಸುಸ್ತಾದ ಜನ ಅವರು. ಆದರೆ ಅದೇ ಊರುಗಳಲ್ಲಿ ಹಬ್ಬಕ್ಕೆ ಸುಣ್ಣ ಹಚ್ಚುವವರನ್ನೂ ನೋಡಿದ್ದೇನೆ. ನಾಳೆ ಏನಾಗುತ್ತದೆ ಅಂತ ಗೊತ್ತಿದ್ದು ಹಚ್ಚುವುದಲ್ಲ ಅದು.

ಕ್ರೈಸ್ತರ ನಿರೀಕ್ಷೆ ಪುನರುತ್ಥಾನದ ಮೇಲೆ ನಿಂತಿದೆ, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಸತ್ತವರು ಏಳುತ್ತಾರೆ ಅಂತ ನಂಬುತ್ತೇನೆ, ದೊಡ್ಡವ್ವ ಏಳುತ್ತಾಳೆ ಅಂತ ನಂಬುತ್ತೇನೆ. ಆದರೆ ಎದ್ದುಬಂದ ಯೇಸುವಿನ ಕೈಯಲ್ಲಿ ಮೊಳೆಯ ಗುರುತು ಹಾಗೇ ಇತ್ತಲ್ಲ. ನಂಬದಿದ್ದ ಶಿಷ್ಯ ತೋಮನಿಗೆ ಅದನ್ನೇ ತೋರಿಸಿದ. ಗಾಯ ಮಾಯವಾಗಿ, ಏನೂ ಆಗೇ ಇಲ್ಲ ಅನ್ನುವ ಹಾಗೆ ಅವನು ಬರಲಿಲ್ಲ. ಹಾಗಾಗಿ ಯಾರದೇ ನೋವನ್ನು 'ಮುಂದೆ ಪರಲೋಕ ಇದೆ ಬಿಡ್ರಿ' ಅಂತ ಒರೆಸಿ ಹಾಕುವುದು ನಮ್ಮ ನಂಬಿಕೆಯೇ ಅಲ್ಲ. ಅಲ್ಲಿಯೂ ಗಾಯಕ್ಕೆ ಲೆಕ್ಕ ಇದೆ.

ಈಗ

ದೊಡ್ಡವ್ವ ತೀರಿಕೊಂಡ ಮೇಲೆ ನಮ್ಮ ಸಭೆಯಲ್ಲಿ ಕೆಲವರು ಕೂಡಿ ಡಯಾಲಿಸಿಸ್‌ಗೆ ಬರುವವರ ಜೊತೆ ಹೋಗುವ ಕೆಲಸ ಶುರು ಮಾಡಿದೆವು. ಕ್ರೈಸ್ತರೇ ಆಗಬೇಕಿಲ್ಲ, ಯಾರಿದ್ದರೂ ಸರಿ. ಹಳ್ಳಿಯಿಂದ ಬರುವವರು ಬಹಳ. ಬೆಳಗಿನ ಮೊದಲ ಬಸ್ಸಿಗೆ ಬಂದು, ಮೆಷಿನ್ ಖಾಲಿಯಾಗುವ ತನಕ ಕಾದು, ಸಂಜೆ ಕಾಲು ಎಳೆದುಕೊಂಡು ಹೋಗುತ್ತಾರೆ. ಕಾರ್ಡಿನ ಕೆಲಸ ಇದ್ದರೆ ಮಾಡಿಸಿಕೊಡುವುದು, ಎದ್ದ ಮೇಲೆ ಬಸ್ಸಿನ ತನಕ ಕೈಹಿಡಿದು ಕರೆದುಕೊಂಡು ಹೋಗುವುದು, ಆ ನಾಲ್ಕು ತಾಸು ಪಕ್ಕದಲ್ಲಿ ಕುಳಿತಿರುವುದು. ಕೇಳಿದರೆ ಮಾತ್ರ ಪ್ರಾರ್ಥನೆ. ಕಾರಣ ಹೇಳಬಾರದು.

ಸಭೆಯ ಒಬ್ಬ ಹಿರಿಯರಿಗೆ ಇದು ಸರಿಬರಲಿಲ್ಲ. "ಮಾಸ್ತರ, ವಾಕ್ಯ ಹೇಳಲಾರದ ಬರೂದು ಅದೆಂಥಾ ಸಾಕ್ಷಿರಿ?" ಅಂದರು. 88ನೇ ಕೀರ್ತನೆಯೂ ವಾಕ್ಯವೇ ಅಲ್ವಾ ಅಂದೆ. "ಅದನ್ನ ಓದಿದ್ರ ಇದ್ದ ಧೈರ್ಯನೂ ಹೋಗ್ತೈತಿ" ಅಂದರು. ದೊಡ್ಡವ್ವನಿಗೆ ಹೋಗಲಿಲ್ಲ, ಬಂತು ಅಂದೆ. ಅವರು ಒಪ್ಪಲಿಲ್ಲ. ನಂಬಿಕೆಯವರು ಉತ್ತರ ಕೊಡಬೇಕು, ಇಲ್ಲದಿದ್ದರೆ ಜನ ಎಲ್ಲಿಗೆ ಹೋಗಬೇಕು ಅನ್ನುವುದು ಅವರ ವಾದ. ಅದರಲ್ಲಿ ಪ್ರೀತಿ ಇದೆ, ಅದು ನನಗೆ ಗೊತ್ತು. ಈ ವಿಷಯ ನಮ್ಮಿಬ್ಬರ ನಡುವೆ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಮಂಗಳವಾರದ ಪಾಳಿ ಅವರೇ ತೆಗೆದುಕೊಂಡಿದ್ದಾರೆ. ಹುನಗುಂದ ಕಡೆಯಿಂದ ಬರುವ ಒಬ್ಬ ಹುಡುಗನ ಪಕ್ಕದಲ್ಲಿ ಕುಳಿತಿರುತ್ತಾರೆ. ಇಪ್ಪತ್ತೆರಡು ವರ್ಷದ ಹುಡುಗ. ಅವನಿಗೆ ಕ್ರಿಕೆಟ್ ಹುಚ್ಚು. ಹಿರಿಯರಿಗೆ ಕ್ರಿಕೆಟ್ ಗೊತ್ತೇ ಇರಲಿಲ್ಲ. ಹೋದ ವಾರ ಫೋನ್ ಮಾಡಿ ಪವರ್ ಪ್ಲೇ ಅಂದರೆ ಏನ್ರಿ ಮಾಸ್ತರ ಅಂತ ಕೇಳಿದರು.